ಜಡೆ ಅವಳದ್ದು, ಹತ್ತುವವರು ಬೇರೆಯವರು

ಗೋಕಾಕದ ಪೇಟೆಯಲ್ಲಿ ಬಳೆ ಅಂಗಡಿಯ ಮುಂದೆ ಸಾಲಾಗಿ ತೂಗುಬಿಟ್ಟ ಚವರಿಗಳನ್ನು ಕಂಡಾಗಲೆಲ್ಲ ನನ್ನ ಕೈ ತಾನಾಗಿಯೇ ಹಿಂದಲೆಗೆ ಹೋಗುತ್ತದೆ. ಚವರಿ ಅಂದರೆ ನಿಮಗೆ ಗೊತ್ತಲ್ಲ, ಮೋಟು ಜಡೆ ಉದ್ದ ಕಾಣಲೆಂದು ಸೇರಿಸಿ ಹೆಣೆದುಕೊಳ್ಳುವ ಕೂದಲ ಗೊಂಚಲು. ಮೊನ್ನೆಯೂ ಹಾಗೇ ಆಯಿತು. ಬೆಂಡೆಕಾಯಿ ತರಲು ಹೋದವಳು ಚವರಿ ನೋಡುತ್ತ ನಿಂತುಬಿಟ್ಟೆ. ಅಂಗಡಿಯವನು, "ಮಗಳಿಗೇನ್ರಿ?" ಎಂದು ಕೇಳಿದ. ಐವತ್ತು ದಾಟಿದ ಹೆಂಗಸು ತನಗಾಗಿಯೇ ಚವರಿ ನೋಡುತ್ತಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಹೌದೆಂದು ತಲೆಯಾಡಿಸಿ ಬಂದೆ. ನನಗೆ ಮಗಳಿಲ್ಲ.

ನಾನು ಹುಟ್ಟಿ ಬೆಳೆದದ್ದು ಮೂಡಲಗಿಯಲ್ಲಿ. ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಮೊಣಕಾಲಿಗೆ ಬಡಿಯುವಂಥ ಕೂದಲು. ದೇವರು ನನ್ನ ಸರದಿ ಬಂದಾಗ ಮಾತ್ರ ಕೈ ಬಿಗಿಹಿಡಿದ. ರವಿವಾರ ಬಂತೆಂದರೆ ಅವ್ವ ಔಡಲೆಣ್ಣೆ ಬಿಸಿ ಮಾಡಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ನನ್ನನ್ನು ಎರಡು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ನೆತ್ತಿ ತಿಕ್ಕುತ್ತ, "ಇಷ್ಟ ಎಣ್ಣಿ ಎಮ್ಮಿ ಬಾಲಕ್ಕ ಹಚ್ಚಿದ್ರ ಅದರ ಬೆಳೀತಿತ್ತು ನೋಡವಾ" ಎನ್ನುತ್ತಿದ್ದಳು. ಎಮ್ಮೆಗಳಿಗೆ ಹೆಸರಾದ ಊರಿನಲ್ಲಿ ಹುಟ್ಟಿದ ನನಗೆ ಆ ಹೋಲಿಕೆ ದೊಡ್ಡ ಅವಮಾನವೇನೂ ಅನಿಸುತ್ತಿರಲಿಲ್ಲ. ಎಮ್ಮೆಯ ಬಾಲ ನನ್ನ ಜಡೆಗಿಂತ ದಪ್ಪ ಇದ್ದದ್ದೂ ಖರೆಯೇ.

ಸಾಲಿಯ ಗ್ಯಾದರಿಂಗಿನಲ್ಲಿ, ಅಂದರೆ ನಮ್ಮ ಕಡೆಯ ವಾರ್ಷಿಕೋತ್ಸವದಲ್ಲಿ, ಒಮ್ಮೆ ಕೋಲಾಟಕ್ಕೆ ನಿಂತಿದ್ದೆ. ಅವ್ವ ಪೇಟೆಯಿಂದ ತಂದ ಚವರಿ ಸೇರಿಸಿ ಸೊಂಟಕ್ಕೆ ಬರುವಷ್ಟು ಜಡೆ ಹೆಣೆದು ಕಳಿಸಿದ್ದಳು. ಎರಡನೇ ಸುತ್ತಿಗೆ ಚವರಿ ಜಾರಿ ನೆಲಕ್ಕೆ ಬಿತ್ತು. ಯಾರದೋ ಕೋಲು ತಾಗಿ ಅದು ಸರಸರನೆ ವೇದಿಕೆಯ ಅಂಚಿಗೆ ಹರಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಯಾರೋ "ಹಾವ! ಹಾವ!" ಎಂದು ಕೂಗಿಕೊಂಡರು. ಆಮೇಲೆ ನಡೆದ ಗದ್ದಲ ಕೇಳಬೇಡಿ. ಮುಖ್ಯೋಪಾಧ್ಯಾಯರು ಕುರ್ಚಿಯ ಮೇಲೆ ಹತ್ತಿ ನಿಂತದ್ದನ್ನು ನಾನೇ ಕಂಡೆ. ಕೋಲಾಟ ನಿಲ್ಲಿಸಿ ಚವರಿ ಎತ್ತಿಕೊಂಡು ಬಂದವಳೂ ನಾನೇ. ಅದಾದ ಮೇಲೆ ಬಹಳ ದಿನ ಊರಲ್ಲಿ ನನ್ನನ್ನು ಹಾವಿನಕ್ಕ ಎನ್ನುತ್ತಿದ್ದರು.

ಇಂಥ ತಲೆಯವಳಿಗೆ ಉದ್ದ ಕೂದಲಿನ ಕತೆಯೊಂದು ಸಿಕ್ಕರೆ ಹುಚ್ಚು ಹಿಡಿಯದೇ ಇರುತ್ತದೆಯೆ? ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಮುಂದಿನ ಹಾಳೆ, ಹಿಂದಿನ ಹಾಳೆ ಎರಡೂ ಹರಿದುಹೋದ ಒಂದು ಕತೆ ಪುಸ್ತಕ ಇತ್ತು. ಅದರಲ್ಲಿ ಜರ್ಮನಿಯ ಹಳೆಯ ಅಜ್ಜಿಕತೆಯೊಂದು. ಜರ್ಮನಿ ನಿಪ್ಪಾಣಿಯಿಂದ ಸ್ವಲ್ಪ ಆಚೆಗಿರಬೇಕು ಎಂದು ನಾನು ತಿಳಿದಿದ್ದ ಕಾಲ. ಬಸುರಿಯೊಬ್ಬಳಿಗೆ ನೆರೆಯ ಮಾಟಗಾತಿಯ ತೋಟದ ಸೊಪ್ಪು ತಿನ್ನುವ ಬಯಕೆ. ಗಂಡ ಕದ್ದು ತಂದು ಸಿಕ್ಕಿಬೀಳುತ್ತಾನೆ. ಸೊಪ್ಪಿನ ಬದಲಿಗೆ ಹುಟ್ಟುವ ಕೂಸನ್ನೇ ಕೊಡುತ್ತೇನೆಂದು ಒಪ್ಪಿಕೊಂಡುಬಿಡುತ್ತಾನೆ. ನಾನು ಆ ಸೊಪ್ಪನ್ನು ಹತ್ತರಕಿ ಎಂದೇ ಓದಿಕೊಂಡಿದ್ದೆ, ಹಸಿಯಾಗಿ ರೊಟ್ಟಿಯ ಜೊತೆ ತಿಂದರೆ ಅದರಷ್ಟು ರುಚಿಯಾದದ್ದು ಮತ್ತೊಂದಿಲ್ಲ. ಮಾಟಗಾತಿ ಆ ಕೂಸನ್ನು ಬೆಳೆಸಿ, ಬಾಗಿಲಿಲ್ಲದ, ಮೆಟ್ಟಿಲಿಲ್ಲದ ಗೋಪುರದಲ್ಲಿ ಕೂಡಿಹಾಕುತ್ತಾಳೆ. ಹುಡುಗಿಯ ಜಡೆ ಗೋಪುರದಷ್ಟೇ ಉದ್ದ. ಮಾಟಗಾತಿ ಬಂದು ಕೂಗಿದಾಗ ಹುಡುಗಿ ಕಿಟಕಿಯಿಂದ ಜಡೆ ಇಳಿಬಿಡಬೇಕು, ಅವಳು ಅದನ್ನು ಹಿಡಿದು ಮೇಲೆ ಹತ್ತಬೇಕು. ಮುಂದೊಂದು ದಿನ ರಾಜಕುಮಾರನೂ ಅದೇ ಜಡೆ ಹಿಡಿದು ಹತ್ತುತ್ತಾನೆ. ಆ ಜಡೆಯ ಕನಸು ಕಾಣುತ್ತ ನಾನು ಎಷ್ಟು ಔಡಲೆಣ್ಣೆ ಸುರಿದುಕೊಂಡೆನೋ ಲೆಕ್ಕವಿಲ್ಲ.

ಮದುವೆಯಾಗಿ ಗೋಕಾಕಕ್ಕೆ ಬಂದೆ. ಹುಕ್ಕೇರಿ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನೌಕರಿ ಸಿಕ್ಕಿತು. ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಹೀಗೆ ಒಂದು ದಿನ ಗಣಿತದ ಸರ್ ರಜೆ ಹಾಕಿದ್ದರು. ಒಂಬತ್ತನೇ ಇಯತ್ತೆಯ ಗಲಾಟೆ ಊರೆಲ್ಲ ಕೇಳುತ್ತಿತ್ತು. ನನ್ನನ್ನು ಅಲ್ಲಿಗೆ ಅಟ್ಟಿದರು. ಪಾಠ ಮಾಡುವ ಮನಸ್ಸು ನನಗೂ ಇರಲಿಲ್ಲ, ಕೇಳುವ ಮನಸ್ಸು ಅವರಿಗೂ ಇರಲಿಲ್ಲ. ಜಡೆಯ ಕತೆ ತೆಗೆದೆ.

ಕತೆ ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ. ಮಾಟಗಾತಿ ಜಡೆ ಹಿಡಿದು ಏದುಸಿರು ಬಿಡುತ್ತ ಹತ್ತುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ. ಆಗ ಹಿಂದಿನ ಬೆಂಚಿನ ಮೂಲೆಯಿಂದ ಒಂದು ದನಿ ಬಂತು.

"ಟೀಚರ್, ಜಡಿ ಅಕೀದ ಅಲ್ರಿ?"

ಕಸ್ತೂರಿ. ಆ ಹುಡುಗಿ ತರಗತಿಯಲ್ಲಿ ತಾನಾಗಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಬಿಸಿಲಿರಲಿ, ಸೆಕೆಯಿರಲಿ, ತಲೆಯ ಮೇಲಿನ ಓಢಣಿ ತೆಗೆಯುತ್ತಿರಲಿಲ್ಲ. ಅದರ ಕೆಳಗೆ ಏನಿದೆಯೆಂದು ಸಾಲಿಗೆಲ್ಲ ಗೊತ್ತಿತ್ತು. ಎರಡು ವರ್ಷದ ಹಿಂದೆ ಜ್ವರ ಬಂದು ಬಹಳ ದಿನ ಹಾಸಿಗೆ ಹಿಡಿದಿದ್ದಳು. ಎಣ್ಣೆ ನೀರು ಕಾಣದೆ ಹಿಂದಲೆಯ ಕೂದಲು ಸಿಕ್ಕುಗಟ್ಟಿತು. ಸಿಕ್ಕು ಒಂದರೊಳಗೊಂದು ಹೆಣೆದುಕೊಂಡು ಹಗ್ಗದ ಹಾಗೆ ಗಟ್ಟಿಯಾಯಿತು. ನಮ್ಮ ಕಡೆ ಅದಕ್ಕೆ 'ಜಡಿ ಬಂತು' ಎನ್ನುತ್ತಾರೆ. ದೇವಿಯೇ ಬಂದು ತಲೆಯಲ್ಲಿ ಕೂತಳೆಂದು ನಂಬಿಕೆ. ಬಾಚಬಾರದು, ಕತ್ತರಿಸಬಾರದು. ಕತ್ತರಿಸಿದರೆ ರಕ್ತ ಕಾರಿ ಸಾಯುತ್ತಾರೆ, ಮನೆ ಮುಳುಗುತ್ತದೆ ಎನ್ನುವವರು ಇವತ್ತಿಗೂ ಇದ್ದಾರೆ. ಹಿಂದೆ ಇಂಥ ಹುಡುಗಿಯರನ್ನು ದೇವರ ಹೆಸರಿಗೆ ಬಿಟ್ಟುಬಿಡುತ್ತಿದ್ದರು. ಈಗ ಕಾನೂನು ಅದನ್ನು ಬಿಡುವುದಿಲ್ಲ. ಆದರೆ ಅಂಜಿಕೆಗೆ ಯಾವ ಕಾನೂನು?

"ಹೌದು, ಅಕೀದ" ಎಂದೆ.

"ಮತ್ತ ಎಲ್ಲಾರೂ ಅದನ್ನ ಹಿಡದ ಮ್ಯಾಲ ಹತ್ತತಾರ. ಅಕಿ ಯಾಕ ಕೆಳಗ ಇಳ್ಯಂಗಿಲ್ರಿ?"

"ಜಡಿ ಅಕಿ ತಲಿಗೇ ಐತಲ್ಲವಾ, ಹೆಂಗ ಇಳೀತಾಳ?"

"ಕತ್ತರಿಸಿ ಕಿಟಕಿಗೆ ಕಟ್ಟಿದ್ರ ಆತಲ್ರಿ."

ಕೆಲವರು ತಿರುಗಿ ಅವಳ ಓಢಣಿಯ ಕಡೆ ನೋಡಿದರು. ನಾನು ಎಷ್ಟೋ ವರ್ಷಗಳಿಂದ ಎಷ್ಟೋ ಮಕ್ಕಳಿಗೆ ಈ ಕತೆ ಹೇಳಿದ್ದೇನೆ. ಈ ಪ್ರಶ್ನೆ ನನಗಂತೂ ಹೊಳೆದಿರಲಿಲ್ಲ. ಉದ್ದ ಜಡೆ ಬೇಕು ಬೇಕು ಎಂದು ಹಂಬಲಿಸಿದವಳಿಗೆ ಅದು ಭಾರವಾಗಬಹುದೆಂದು ಎಲ್ಲಿಂದ ಹೊಳೆಯಬೇಕು?

ಆ ವರ್ಷದ ಗ್ಯಾದರಿಂಗಿಗೆ ಅದೇ ಕತೆಯ ನಾಟಕ ಎಂದು ಮಕ್ಕಳೇ ತೀರ್ಮಾನಿಸಿದರು. ಬರೆಯುವ ಹೊಣೆ ನನ್ನದು. ನಾನು ಉತ್ಸಾಹದಿಂದ ರಾಜಕುಮಾರನಿಗೆ ಉದ್ದುದ್ದ ಮಾತು ಬರೆದೆ. ಚಂದ್ರ, ತಾವರೆ, ದುಂಬಿ ಯಾವುದನ್ನೂ ಬಿಡಲಿಲ್ಲ. ಮಕ್ಕಳು ಓದಿ ಹೊಟ್ಟೆ ಹಿಡಿದು ನಕ್ಕರು. ಕಸ್ತೂರಿ ನಗಲಿಲ್ಲ, ಮರ್ಯಾದೆಯಿಂದಲೇ ಹೇಳಿದಳು: "ಟೀಚರ್, ಅಂವಾ ಬರೂದ್ರಾಗ ಅಕಿ ಇಳದಿರ್ತಾಳ್ರಿ. ಇಷ್ಟೆಲ್ಲಾ ಯಾರಿಗೆ ಹೇಳ್ತಾನ್ರಿ ಅಂವಾ?" ತಾವರೆ ದುಂಬಿ ಎಲ್ಲ ಹಾರಿಹೋದವು. ರಾಜಕುಮಾರನಿಗೆ ಉಳಿದದ್ದು ಒಂದೇ ಮಾತು. ಕೆಳಗಿಳಿದ ಹುಡುಗಿ ಅವನನ್ನು, "ಹುಕ್ಕೇರಿ ಬಸ್ ಎಲ್ಲಿ ನಿಂದರತೈತ್ರಿ?" ಎಂದು ಕೇಳಬೇಕು. ಅವನು ಊರಬಾಗಿಲಿನ ಕಡೆ ಬೆರಳು ಮಾಡಿ, "ಅಗಸಿ ಮುಂದ್ರಿ" ಎನ್ನಬೇಕು.

ಹುಡುಗಿಯ ಪಾತ್ರ ತಾನೇ ಮಾಡುತ್ತೇನೆಂದು ಕಸ್ತೂರಿ ಕೈ ಎತ್ತಿದಳು. ಯಾರೂ ಎದುರು ಹೇಳಲಿಲ್ಲ. ಪುಂಡಿನಾರು ಹೊಸೆದು, ಕಪ್ಪು ಬಣ್ಣ ಹಾಕಿ, ತೋಳಿನಷ್ಟು ದಪ್ಪದ ಜಡೆ ಮಾಡಿದೆವು. ಓಢಣಿಯ ಮೇಲೇ ಅದನ್ನು ಕಟ್ಟಿದರೆ ಆಯಿತು ಎಂದುಕೊಂಡೆವು. ನಿಚ್ಚಣಿಕೆಗೆ ಹಳೆಯ ಚಾದರ ಹೊದಿಸಿ ಕಲ್ಲು ಬರೆದು ಗೋಪುರ ನಿಲ್ಲಿಸಿದೆವು.

ಕಸ್ತೂರಿಯನ್ನು ಸಾಕಿದವಳು ಅವಳ ಆಯಿ, ಅಂದರೆ ತಂದೆಯ ತಾಯಿ. ಕಸ್ತೂರಿ ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ತಂದೆ ಯಮಕನಮರಡಿಯಲ್ಲಿದ್ದು ಲಾರಿ ಓಡಿಸುತ್ತಿದ್ದ, ಊರಿಗೆ ಬರುವುದು ಅಪರೂಪ. ಆಯಿ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದು ಮನೆ ನಡೆಸುತ್ತಿದ್ದಳು. ಮೊಮ್ಮಗಳ ನಾಟಕ ನೋಡಲು ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಹೆಂಗಸರ ಮುಂದಿನ ಸಾಲಿಗೇ ಬಂದು ಕೂತಿದ್ದಳು. ನಾಟಕದ ಕೊನೆ ಏನೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಮಾಟಗಾತಿ ಕೂಗಿದಳು: "ಜಡಿ ಇಳಿಬಿಡ. ನಾ ಹತ್ತಬೇಕು."

ಕಸ್ತೂರಿ ಕಿಟಕಿಯಲ್ಲಿ ಎದ್ದು ನಿಂತಳು. "ಇಷ್ಟ ದಿನಾ ನೀ ಹತ್ತಿದಿ. ಇವತ್ತ ನಾ ಇಳಿತೇನಿ" ಎಂದಳು. ಕತ್ತರಿ ತೆಗೆದು ನಾರಿನ ಜಡೆಯನ್ನು ಕುತ್ತಿಗೆಯ ಹತ್ತಿರ ಕಚಕ್ಕನೆ ಕತ್ತರಿಸಿದಳು. ಕಿಟಕಿಗೆ ಬಿಗಿದು ಕಟ್ಟಿ, ಹಿಡಿದು ಜಾರಿ ಇಳಿದಳು. ಹುಡುಗರ ಸೀಟಿ, ಚಪ್ಪಾಳೆಗಳಿಗೆ ಪೆಂಡಾಲು ಹಾರಿಹೋಗುವಂತಾಯಿತು. ಹೆಂಗಸರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಯಾರೋ "ಅಯ್ಯ ಶಿವನ" ಎಂದದ್ದು ಕೇಳಿಸಿತು. ಆಯಿ ಎದ್ದು, ಸೆರಗು ಬಾಯಿಗೆ ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟಳು.

ಮರುದಿನದಿಂದ ಕಸ್ತೂರಿ ಸಾಲಿಗೆ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಊರಲ್ಲಿ ಗುಸುಗುಸು ಎದ್ದಿತ್ತು: ದೇವಿ ಇದ್ದ ತಲೆಗೆ ಕತ್ತರಿ ತೋರಿಸಿದಳು, ಇನ್ನು ಆ ಮನೆಗೆ ಒಳ್ಳೆಯದಾಗುವುದಿಲ್ಲ. ಶುಕ್ರವಾರ ಶುಕ್ರವಾರ ಆ ಮನೆಗೆ ತೆಂಗಿನಕಾಯಿ ಹಿಡಿದು ಬಂದು ಕಸ್ತೂರಿಯ ಕಾಲಿಗೆ ಬೀಳುವವರಿದ್ದರು. ಅವರೇ ಆಯಿಗೆ, "ಸಾಲಿ ಬಿಡಸ್ರಿ. ಅಕಿ ಓದಿ ಏನ ಮಾಡೂದೈತಿ, ದೇವರ ಸ್ವತ್ತು" ಎಂದು ಬುದ್ಧಿ ಹೇಳಿದ್ದರಂತೆ.

ನಾನು ಶನಿವಾರ ಬೆಳಗಿನ ಸಾಲಿ ಮುಗಿಸಿ ನೇರ ಅವಳ ಮನೆಗೆ ಹೋದೆ. ದಾರಿಯುದ್ದಕ್ಕೂ ಭಾಷಣ ತಯಾರಿ ನಡೆದಿತ್ತು. ಕೂದಲು ಯಾಕೆ ಗಂಟುಗಟ್ಟುತ್ತದೆ, ವಿಜ್ಞಾನ ಏನು ಹೇಳುತ್ತದೆ, ಹೀಗೆ. ನನ್ನ ಚೀಲದಲ್ಲಿ ಹೊಸ ಕತ್ತರಿಯೂ ಇತ್ತು ಎಂದರೆ ನನ್ನ ಹುಮ್ಮಸ್ಸು ನಿಮಗೆ ತಿಳಿದೀತು. ರಾಜಕುಮಾರನಾಗಲು ಕುದುರೆಯೊಂದು ಕಡಿಮೆ, ಅಷ್ಟೆ.

ಆಯಿ ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಕೂತಿದ್ದಳು. "ಬರ್ರಿ ಅಕ್ಕೋರ" ಎಂದಳು. ಚಹಾ ಬೇಕೇ ಎಂದು ಕೇಳಲಿಲ್ಲ. ಕಸ್ತೂರಿ ಕಂಬಕ್ಕೆ ಭುಜ ಆನಿಸಿ ಕೂತಿದ್ದಳು. ಮನೆಯಲ್ಲಿ ಓಢಣಿ ಇರಲಿಲ್ಲ. ನಾನು ಮೊದಲ ಸಲ ಆ ಜಡೆಯನ್ನು ನೋಡಿದೆ. ಹಿಂದಲೆಯಿಂದ ಬೆನ್ನಿನವರೆಗೆ ಒಣಗಿದ ಬೇರಿನಂತೆ ತೂಗುತ್ತಿತ್ತು, ಬುಡಕ್ಕೆ ಅರಿಶಿನ ಕುಂಕುಮ ಮೆತ್ತಿತ್ತು. ಮಾತಾಡುವಾಗ ಅವಳು ತಲೆಯನ್ನಷ್ಟೇ ತಿರುಗಿಸುತ್ತಿರಲಿಲ್ಲ, ಭುಜ ಸಮೇತ ತಿರುಗುತ್ತಿದ್ದಳು. ಭಾಷಣ ಬಿಟ್ಟು ಚೀಲಕ್ಕೆ ಕೈ ಹಾಕಿದೆ.

"ಆಯಿ, ನಾನ ಕತ್ತರಸ್ತೇನಿ. ಏನ ಕೆಟ್ಟದ್ದ ಬಂದ್ರೂ ನನಗ ಬರ್ಲಿ" ಎಂದುಬಿಟ್ಟೆ.

ಆಯಿ ಬಾಯಿ ತೆರೆಯುವ ಮೊದಲೇ ಕಸ್ತೂರಿ ಉತ್ತರ ಕೊಟ್ಟಳು. "ನೀವು ಬ್ಯಾಡ್ರಿ ಟೀಚರ್. ನೀವು ಕತ್ತರಿಸಿದ್ರ ಟೀಚರ್ ಕತ್ತರಿಸಿದ್ರು ಅಂತಾರ. ನಾಳೆ ಮನ್ಯಾಗ ಒಂದ ಗಡಿಗಿ ಒಡದ್ರೂ ನಿಮ್ಮ ಹೆಸರ ಬರ್ತೈತಿ. ತಲಿ ನಂದು. ನೀವು ಕುಂಡರ್ರಿ."

ನಾನು ಕೂತೆ. ಚೀಲ ಮುಚ್ಚಿದೆ.

ಕಸ್ತೂರಿ ಎದ್ದು ಹೋಗಿ ಆಯಿಯ ಎದುರಿಗೆ, ಕೌದಿಯ ಮೇಲೆಯೇ ಕೂತಳು. ಕೌದಿ ಬಟ್ಟೆ ಕತ್ತರಿಸುವ ಆಯಿಯ ದೊಡ್ಡ ಕತ್ತರಿ ಅಲ್ಲಿಯೇ ಬಿದ್ದಿತ್ತು. ಅದನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಆಯಿ, ಕದ್ದ ಕತ್ತರಿಸಬೇಕಂದ್ರ ನಾಟಕದ ದಿನಾನ ಕತ್ತರಿಸ್ತಿದ್ನಿ. ಕೈಯಾಗ ಕತ್ತರಿ ಇತ್ತು. ಕತ್ತರಿಸಲಿಲ್ಲ. ಹಂಗ ಮಾಡಿದ್ರ ನೀ ಸಾಯೂತನಕಾ ಅಂಜಕೋಂತ ಇರ್ತಿ. ನಿನ್ನ ಮುಂದನ ಕತ್ತರಸ್ಕೋತೇನಿ. ನನಗ ಏನೂ ಆಗೂದಿಲ್ಲ ಅನ್ನೂದು ನೀ ನೋಡಬೇಕು."

"ಆದ್ರ ಏನ ಮಾಡ್ಲಿ? ನಿಮ್ಮಪ್ಪಗ ಏನ ಹೇಳ್ಲಿ? ದೇವಿಗೆ ಏನಂತ ಹೇಳ್ಲಿ?" ಎಂದಳು ಆಯಿ.

"ದೇವಿಗೆ ನಾನ ಹೇಳ್ತೇನಿ. ಅಕಿನೂ ಹೆಣ್ಣಮಗಳ. ತಲಿ ಬಾಚಿ ಹೂ ಮುಡಕೊಂಡ ಕುಂತಾಳ, ಅಕಿಗೆ ತಿಳೀತೈತಿ."

ಆಯಿ ಮತ್ತೆ ಸೂಜಿ ಎತ್ತಿಕೊಂಡಳು. ಕಸ್ತೂರಿ ಮೆಲ್ಲಗೆ ಕೇಳಿದಳು, "ನಿಮ್ಮ ಅಕ್ಕಗೂ ಜಡಿ ಇತ್ತಲ್ಲ. ಅಕಿ ಹೆಂಗ ಮಲಗತಿದ್ಲು ಹೇಳ."

ಆಯಿ ಸೂಜಿ ಕೆಳಗಿಟ್ಟಳು. ನನ್ನ ಕಡೆ ನೋಡುತ್ತ ಹೇಳಿದಳು. "ಕುಂತ ಮಲಗತಿದ್ಲರಿ. ಗ್ವಾಡಿಗೆ ಆತಕೊಂಡ. ದಿಂಬಿಗೆ ತಲಿ ಇಡಾಕ ಬರತಿರಲಿಲ್ಲ. ನಾ ಸಣ್ಣಾಕಿ, ದಿನಾ ಅಕಿ ಕುತಿಗಿ ತಿಕ್ಕತಿದ್ನಿ. ಸಾಯೂ ಮುಂದೂ ಕುಂತ ಸತ್ಲು."

"ಅಕಿ ಜಡಿ ಯಾರೂ ಕತ್ತರಿಸಿದ್ದಿಲ್ಲಲ್ಲ?"

"ಇಲ್ಲ."

"ಆದ್ರೂ ಸತ್ಲು."

ಹೊರಗೆ ಯಾರದೋ ಮನೆಯ ಕುಕ್ಕರು ಸೀಟಿ ಹೊಡೆಯಿತು. ಆಯಿ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಕಸ್ತೂರಿ ಎಡಗೈಯಿಂದ ಜಡೆಯ ಬುಡ ಹಿಡಿದು ಕತ್ತರಿ ಇಟ್ಟಳು.

ನಾಟಕದ ನಾರಿನಂತೆ ಅದು ಕಚಕ್ಕನೆ ಹೋಗಲಿಲ್ಲ. ಎರಡು ವರ್ಷದ ಗಂಟು, ಮರದ ಹಾಗೆ ಗಟ್ಟಿ. ಕತ್ತರಿ ಕಚ್ಚಿಕೊಂಡಿತು. ತಲೆಯ ಹಿಂದೆ ಕೈ ಮಡಚಿ ಕತ್ತರಿಸುವುದು ಸುಲಭವೇ? ಜಡೆಯ ಭಾರಕ್ಕೆ ನೆತ್ತಿಯ ಚರ್ಮ ಎಳೆಯುತ್ತಿತ್ತು. ಅವಳು ತುಟಿ ಕಚ್ಚಿ ಹಿಡಿದಳು, ಕಣ್ಣಲ್ಲಿ ನೀರು ತುಂಬಿತು, ಕೈ ಮಾತ್ರ ನಿಲ್ಲಿಸಲಿಲ್ಲ. ನನಗೆ ಎದ್ದು ಹೋಗಿ ಕತ್ತರಿ ಕಸಿದುಕೊಳ್ಳಬೇಕು ಅನಿಸಿತು. 'ಕುಂಡರ್ರಿ' ಎಂದಿದ್ದಳಲ್ಲ, ಕೂತೇ ಇದ್ದೆ. ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ಕೂತಿಲ್ಲ.

"ತಡಿ" ಎಂದಳು ಆಯಿ. "ಹಂಗ ಜಗ್ಗಿದ್ರ ನೆತ್ತಿ ಕಿತ್ತ ಬರ್ತೈತಿ."

ಮೊಣಕಾಲ ಮೇಲೆ ಸರಿದು ಮೊಮ್ಮಗಳ ಬೆನ್ನ ಹಿಂದೆ ಹೋದಳು. ಎರಡು ವರ್ಷ ಕುಂಕುಮ ಹಚ್ಚಿ ಕೈಮುಗಿದಿದ್ದ ಜಡೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದಳು, ಭಾರ ತಲೆಗೆ ತಾಗದಂತೆ. ಆಕೆಯ ಕಣ್ಣು ಮುಚ್ಚಿತ್ತು, ತುಟಿ ಏನೋ ಪಿಟಿಪಿಟಿ ಅನ್ನುತ್ತಿತ್ತು. "ಇನ್ನೊಂಚೂರ ಎಡಕ್ಕ ಕತ್ತರಸ. ಅಲ್ಲಿ ಮೆತ್ತಗೈತಿ" ಎಂದಳು. ಕಣ್ಣು ತೆರೆಯಲಿಲ್ಲ.

ಕೊನೆಯ ಎಳೆ ಬಿಟ್ಟಾಗ ಕಸ್ತೂರಿಯ ತಲೆ ತಟ್ಟನೆ ಮುಂದಕ್ಕೆ ಬಾಗಿತು. ಅವಳು ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಆಮೇಲೆ ನಗತೊಡಗಿದಳು. "ಆಯಿ, ತಲಿ ಹಾರಿ ಹೋಗಾಕತ್ತೈತಿ ನೋಡ!"

ಆಯಿ ನಗಲಿಲ್ಲ. ಜಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಜಂತೆ ನೋಡಿದಳು, ದೇವರ ಜಗುಲಿಯ ಮೇಲಿನ ದೀಪ ನೋಡಿದಳು, ಬಾಗಿಲಾಚೆಯ ಓಣಿ ನೋಡಿದಳು. ಎಲ್ಲವೂ ಇದ್ದಲ್ಲಿಯೇ ಇದ್ದವು. ಮೊಮ್ಮಗಳ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಆ ಕೈ ಹಾಗೇ ಹಿಂದಕ್ಕೆ ಸರಿದು ಕುತ್ತಿಗೆಗೆ ಬಂದಾಗ ನಿಂತಿತು. ಜಡೆಯ ಅಡಿಯಲ್ಲಿದ್ದ ಚರ್ಮವೆಲ್ಲ ಹುಣ್ಣು. ಕೆಲವು ಹಳೆಯವು, ಕೆಲವು ಹಸಿ.

"ಇಷ್ಟ ಹುಣ್ಣ ಆಗಿತ್ತ?" ಆಯಿ ಕೇಳಿದಳು. "ಹೇಳಲಿಲ್ಲಲ್ಲ ನನ್ನ ಮಗಳ. ನಾ ದಿನಾ ಅಲ್ಲೇ ಅರಿಷಿಣ ಹಚ್ಚಿ ಕೈ ಮುಗಿತಿದ್ನಲ್ಲ." ಆಗ ಅತ್ತಳು. ಜೋರಾಗಿ, ಸೆರಗು ಅಡ್ಡ ಹಿಡಿಯದೆ ಅತ್ತಳು. ಕಸ್ತೂರಿ ತಿರುಗಿ ಆಕೆಯ ಕುತ್ತಿಗೆಗೆ ಕೈ ಹಾಕಿ ಕೂತಳು. ನಾನು ಒಳಗೆ ಹೋಗಿ ಯಾರನ್ನೂ ಕೇಳದೆ ಚಹಾ ಇಟ್ಟೆ. ಆ ದಿನ ಆ ಮನೆಯಲ್ಲಿ ನನ್ನಿಂದಾದ ಕೆಲಸ ಅದೊಂದೇ. ಸಕ್ಕರೆ ಅಂದುಕೊಂಡು ಅದಕ್ಕೂ ಉಪ್ಪು ಹಾಕಿದ್ದೆ. ಪುಣ್ಯಕ್ಕೆ ಇಬ್ಬರೂ ಗಮನಿಸದೆ ಕುಡಿದರು.

ಆಯಿ ಹುಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಆಸ್ಪತ್ರೆಗೂ ಕರೆದುಕೊಂಡು ಹೋಗಿ ಮುಲಾಮು ತಂದಳು ಎಂದು ಆಮೇಲೆ ಕೇಳಿದೆ. ಜಡೆಯನ್ನು ಹಸಿರು ಕುಪ್ಪಸದ ಕಣದಲ್ಲಿ ಕಟ್ಟಿ, ಹಿರಣ್ಯಕೇಶಿ ಹೊಳೆಗೆ ತಾನೇ ಹೋಗಿ ಬಿಟ್ಟು ಬಂದಳಂತೆ. ಕಸ್ತೂರಿ ಸೋಮವಾರ ಸಾಲಿಗೆ ಬಂದಳು. ಮೋಟು ಕೂದಲು, ಓಢಣಿ ಹೆಗಲ ಮೇಲೆ. ತರಗತಿಯಲ್ಲಿ ಯಾರೂ ನಗಲಿಲ್ಲ. ಅವಳೇ ನಡೆದು ಬಂದು ಎರಡನೇ ಬೆಂಚಿನಲ್ಲಿ ಕೂತಳು.

ಅದರ ಮುಂದಿನ ಶುಕ್ರವಾರ ಊಟದ ಬಿಡುವಿನಲ್ಲಿ ನಾನು ಆಯಿಯನ್ನು ಮಾತಾಡಿಸಿ ಬರೋಣವೆಂದು ಹೋಗಿದ್ದೆ. ಈ ಸಲ ಆಯಿಯೇ ಚಹಾ ಮಾಡಿದ್ದಳು. ಕುಡಿಯುತ್ತ ಕೂತಿದ್ದಾಗ ನೆರೆಯೂರಿನಿಂದ ಇಬ್ಬರು ಹೆಂಗಸರು ಬಂದರು. ಒಬ್ಬಳ ಕಂಕುಳಲ್ಲಿ ಕೂಸು, ಇನ್ನೊಬ್ಬಳ ಕೈಯಲ್ಲಿ ಕಾಯಿ, ಊದಿನಕಡ್ಡಿ. ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಇಣುಕಿ, "ದೇವರ ಎಲ್ಲಿ ಅದಾರ್ರಿ?" ಎಂದು ಕೇಳಿದರು.

ಆಯಿ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಜಗಲಿ ಮ್ಯಾಲ ಅದಾರ. ಕಾಯಿ ಅಲ್ಲೇ ಒಡೀರಿ."

"ಅವರಲ್ರಿ, ಜಡಿ ಬಂದ ಹುಡಿಗಿ..."

"ಜಡಿ ಹೊಳಿಗೆ ಬಿಟ್ಟ ಬಂದ್ನಿ."

ಕೂಸು ಎತ್ತಿಕೊಂಡವಳು ಎರಡು ಹೆಜ್ಜೆ ಹಿಂದೆ ಸರಿದಳು. ಇನ್ನೊಬ್ಬಳು ದನಿ ತಗ್ಗಿಸಿ, "ಯವ್ವಾ! ಕತ್ತರಿಸಿದ್ರೇನ? ಏನೂ ಆಗಲಿಲ್ಲಾ?" ಎಂದಳು.

ಆಯಿ ಒಂದು ಹೊಲಿಗೆ ಹಾಕಿ ದಾರ ಎಳೆದಳು.

"ಆತಲ್ಲ" ಎಂದಳು. "ಹುಡಿಗಿ ಸಾಲಿಗೆ ಹೋದ್ಲು."